ಚಾರ್ಜಿಂಗ್ ರೂಮಿನಲ್ಲಿಟ್ಟ ದೀಪ

ನಂಜನಗೂಡಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬ್ಯಾಟರಿ ಚಾರ್ಜಿಂಗ್ ರೂಮಿದೆ. ಮನುಷ್ಯರು ಓಡಾಡುವ ಬಾಗಿಲು ಅದಕ್ಕೆ ಒಂದೇ. ಗಾಳಿ ಓಡಾಡುವ ದಾರಿ ಬೇರೆ. ಪೂರ್ವದ ಗೋಡೆಯಲ್ಲಿ ನೆಲದಿಂದ ಒಂದು ಗೇಣು ಮೇಲೆ ಸಾಲಾಗಿ ಜಾಲರಿ ಕಿಂಡಿಗಳು. ಎದುರು ಗೋಡೆಯಲ್ಲಿ, ಸೀಲಿಂಗಿಗೆ ತಾಗಿದ ಹಾಗೆ, ಒಂದು ವೆಂಟಿಲೇಟರು, ಅದರ ಪಕ್ಕದಲ್ಲಿ ಎಕ್ಸಾಸ್ಟ್ ಫ್ಯಾನು. ಆಚೆಯ ಗಾಳಿ ಕೆಳಗಿನಿಂದ ಒಳಗೆ ಬರಬೇಕು, ಬ್ಯಾಟರಿಗಳ ಮೈ ಸವರಿಕೊಂಡು ಮೇಲಕ್ಕೇರಿ ಆ ಕಡೆಯಿಂದ ಹೊರಟುಹೋಗಬೇಕು. ಇದು ನಮ್ಮ ಯಜಮಾನರ ಪ್ಲಾನ್. ಕಟ್ಟಲು ಬಂದ ಮೇಸ್ತ್ರಿ, ಎಲ್ಲ ಕಿಂಡಿಗಳನ್ನೂ ಒಂದೇ ಗೋಡೆಗೆ ಇಟ್ಟರೆ ನೋಡಲು ಲಕ್ಷಣವಾಗಿರುತ್ತದೆ ಎಂದು ಎಷ್ಟೋ ಹೇಳಿದ.

"ನೋಡಕ್ಕಲ್ಲ ಕಣಪ್ಪ ಇದು, ಉಸಿರಾಡಕ್ಕೆ," ಎಂದರು ಇವರು.

"ಬ್ಯಾಟ್ರಿಗೂ ಉಸ್ರಾ ಸಾ?"

"ನಿನಗಿಂತ ಜಾಸ್ತಿ ಬಿಡುತ್ತೆ. ಮೊದ್ಲು ಆ ಬೀಡಿ ಆಚೆ ಎಸೆದು ಬಾ."

ಇವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ನಾನೂ ಅಲ್ಲಿಯೇ ಆಪರೇಟರ್ ಆಗಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ಹುಡುಗಿ, 'ನಂಬರ್ ಪ್ಲೀಸ್' ಎನ್ನುವುದು ಕಿವಿಗೆ ಹಿತವಾಗಿದೆ ಎಂದು ಕೆಲಸ ಕೊಟ್ಟು, ಟಿ. ನರಸೀಪುರಕ್ಕೆ ಹಾಕಿದರು. ಹೆಡ್‌ಫೋನ್ ಹಾಕಿಕೊಂಡು ಕೂತರೆ ನನ್ನ ಬೆನ್ನ ಹಿಂದಿನ ಗೋಡೆಯಾಚೆ ಬ್ಯಾಟರಿ ರೂಮು. ಊರಿನ ಕರೆಂಟು ಹೋದರೂ ಫೋನು ಸಾಯಬಾರದಲ್ಲ, ಅದಕ್ಕಾಗಿ ಸ್ಟ್ಯಾಂಡುಗಳ ಮೇಲೆ ಸಾಲು ಸಾಲು ಬ್ಯಾಟರಿ. ಅವುಗಳ ಉಸ್ತುವಾರಿ ಇವರದು. ಬೆಳಿಗ್ಗೆ ಬಂದವರು ಮೊದಲು ಹೊರಗಿನ ಸ್ವಿಚ್ ಒತ್ತಿ ಫ್ಯಾನ್ ಹಾಕುತ್ತಿದ್ದರು. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬಾಗಿಲಾಚೆಯೇ ನಿಂತಿದ್ದು ಆಮೇಲೆ ಒಳಗೆ ಹೋಗುತ್ತಿದ್ದರು. ಆ ಕಾಫಿಯ ಹೊತ್ತಿನಲ್ಲೇ ನಮ್ಮಿಬ್ಬರ ಪರಿಚಯ ಬೆಳೆದದ್ದು.

"ದೇವಸ್ಥಾನದ ಗರ್ಭಗುಡಿ ಬಾಗಿಲು ತೆಗೆಯೋ ಹಾಗೆ ತೆಗೀತೀರಲ್ಲ," ಎಂದು ಒಂದು ದಿನ ರೇಗಿಸಿದೆ.

"ಅಲ್ಲಿರೋದೂ ಕಣ್ಣಿಗೆ ಕಾಣಲ್ಲ, ಇಲ್ಲಿರೋದೂ ಕಾಣಲ್ಲ ಮೇಡಂ. ಎರಡಕ್ಕೂ ಸ್ವಲ್ಪ ಹೆದರಿಕೊಂಡಿರಬೇಕು," ಎಂದರು.

ಕಣ್ಣಿಗೆ ಕಾಣದ್ದು ಎಂದರೆ ಹೈಡ್ರೋಜನ್. ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ತುಂಬುತ್ತಾ ಬಂದಾಗ, ಒಳಗಿನ ನೀರು ಒಡೆದು ಆ ಗ್ಯಾಸು ಹೊರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದ್ದರಿಂದ ಸೀದಾ ಮೇಲಕ್ಕೆ ಹೋಗಿ ಸೀಲಿಂಗಿನ ಕೆಳಗೆ ಸೇರಿಕೊಳ್ಳುತ್ತದೆ. ದಾರಿ ಇದ್ದರೆ ಹೊರಟುಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಕಾಯುತ್ತಾ ಇರುತ್ತದೆ. ಆಮೇಲೆ ಒಂದು ಕಿಡಿ ಸಾಕು. ಅದೇನು ಮಾಡೀತು ಎಂದು ನಾನು ಕಾನ್ವೆಂಟಿನ ಲ್ಯಾಬಿನಲ್ಲೇ ನೋಡಿದ್ದೆ. ಕೆಮಿಸ್ಟ್ರಿ ಸಿಸ್ಟರ್ ಟೆಸ್ಟ್ ಟ್ಯೂಬಿನ ಬಾಯಿಗೆ ಉರಿಯುವ ಕಡ್ಡಿ ಹಿಡಿದಾಗ 'ಪಾಪ್' ಎಂದು ಸಣ್ಣ ಸದ್ದಾಯಿತು, ನಾವು ಹುಡುಗಿಯರು ಮುಸಿಮುಸಿ ನಕ್ಕೆವು. ಇಷ್ಟು ಸಣ್ಣ ಟ್ಯೂಬಿಗೆ ನಗುತ್ತೀರಿ, ಒಂದು ರೂಮು ತುಂಬ ಇದ್ದರೆ ನಗಲು ನೀವು ಇರುವುದಿಲ್ಲ ಎಂದರು ಸಿಸ್ಟರ್, ತಮ್ಮ ತಣ್ಣನೆಯ ಇಂಗ್ಲಿಷಿನಲ್ಲಿ. ಇದನ್ನು ಕೇಳಿ ಇವರು, ನಿಮ್ಮ ಸಿಸ್ಟರನ್ನು ನಮ್ಮ ಇಲಾಖೆಗೆ ಟ್ರಾನ್ಸ್‌ಫರ್ ಮಾಡಿಸಿ ಎಂದಿದ್ದರು. ಆಮೇಲೆ ಸ್ವಲ್ಪ ದಿನಕ್ಕೆ ಮದುವೆಯ ಮಾತೂ ಅಲ್ಲೇ, ಅದೇ ಬಾಗಿಲಲ್ಲೇ ಬಂತು. ವೆರಿ ಅನ್‌ರೊಮ್ಯಾಂಟಿಕ್ ಪ್ಲೇಸ್. ನನಗೆ ಮಾತ್ರ ಇವತ್ತಿಗೂ ಬ್ಯಾಟರಿ ಆ್ಯಸಿಡ್ಡಿನ ಹುಳಿ ಘಾಟು ಮೂಗಿಗೆ ಬಡಿದರೆ ಇಪ್ಪತ್ತರ ಹರೆಯ ನೆನಪಾಗುತ್ತದೆ.

ನಮಗೆ ಮಕ್ಕಳಾಗಲಿಲ್ಲ. ರಿಟೈರ್ ಆದ ಮೇಲೆ, ನನ್ನ ತಂದೆ ನಂಜನಗೂಡಿನಲ್ಲಿ ಕೊಟ್ಟಿದ್ದ ಸೈಟಿನಲ್ಲಿ ಮನೆ ಕಟ್ಟಿಕೊಂಡು ಬಂದೆವು. ಒಂದೆರಡು ವರ್ಷ ಇವರು ಕೈ ಕಟ್ಟಿಕೊಂಡು ಕೂತರು. ಅಷ್ಟರಲ್ಲಿ ಊರಿಗೆ ಕರೆಂಟಿನ ಆಟೋಗಳು ಬಂದವು. ರೈಲ್ವೆ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ, ಅಲ್ಲಿಂದ ಹೊಳೆದಂಡೆಗೆ ಜನರನ್ನು ಕೂರಿಸಿಕೊಂಡು ಸದ್ದಿಲ್ಲದೆ ಓಡಾಡುವ ಆಟೋಗಳು. ಓಡಿಸುವವರು ರಾತ್ರಿ ಆ ಬ್ಯಾಟರಿಗಳನ್ನು ಬಿಚ್ಚಿ, ತಾವು ಮಲಗುವ ಕೋಣೆಯಲ್ಲೇ ಇಟ್ಟು, ಕಿಟಕಿ ಮುಚ್ಚಿ ಚಾರ್ಜಿಗೆ ಹಾಕುತ್ತಿದ್ದರು. ಒಬ್ಬನ ಮನೆಯಲ್ಲಿ ಒಲೆಯ ಪಕ್ಕದಲ್ಲೇ ಬ್ಯಾಟರಿ ನೋಡಿ ಬಂದ ದಿನ ಇವರು ಊಟ ಮಾಡಲಿಲ್ಲ. ಮಾರನೆಯ ದಿನವೇ ಹಿತ್ತಲಲ್ಲಿ ದಾರ ಹಿಡಿದು ಅಳತೆ ಹಾಕತೊಡಗಿದರು. ಹಾಗೆ ಹುಟ್ಟಿದ್ದು ಆ ರೂಮು. ಕೋಣೆಯ ಸ್ವಿಚ್ಚುಗಳೆಲ್ಲ ಹೊರಗಿನ ಜಗಲಿಯಲ್ಲಿ, ಫ್ಯಾನಿನದು ಮೊದಲನೆಯದು. ಫ್ಯಾನ್ ಹಾಕಿದ ಮೇಲೆ ಚಾರ್ಜರ್. ಚಾರ್ಜರ್ ಆಫ್ ಮಾಡಿದ ಮೇಲೂ ಫ್ಯಾನ್ ಇನ್ನಷ್ಟು ಹೊತ್ತು. ಒಳಗೆ ಬೆಂಕಿಕಡ್ಡಿ, ಬೀಡಿ, ಊದುಬತ್ತಿ ಏನೂ ಇಲ್ಲ. ಆಯುಧಪೂಜೆಯ ದಿನ ಆರತಿಯನ್ನು ಹೊಸ್ತಿಲಾಚೆಯಿಂದಲೇ ಎತ್ತಬೇಕು. ಡ್ರೈವರುಗಳು ಮೊದಮೊದಲು ನಕ್ಕರು. ಅವರಲ್ಲಿ ಎಲ್ಲರಿಗಿಂತ ಹಿರಿಯನೊಬ್ಬ, ತಾಂಡವಪುರದ ಕಡೆಯವನು, "ನಮ್ ಸಾವ್ರು ಬ್ಯಾಟ್ರಿಗೆ ಬಾಣಂತನ ಮಾಡ್ತವ್ರೆ," ಎಂದು ಆಡಿಕೊಂಡ. ಆಮೇಲೆ ಅವನೇ ಬೇರೆಯವರನ್ನು ಗದರುವವನಾದ.

ಇವರು ಹೋದದ್ದು ಆ ರೂಮಿನಲ್ಲೇ. ಊಟವಾದ ಮೇಲೆ, ಒಂದು ಬ್ಯಾಟರಿ ಯಾಕೋ ಸೋಲುತ್ತಿದೆ ನೋಡುತ್ತೇನೆ ಎಂದು ಹೋದವರು ಟೀ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದೆ. ಕುರ್ಚಿಯಲ್ಲಿ ಕೂತಿದ್ದರು, ತಲೆ ಎದೆಗೆ ಬಾಗಿತ್ತು. ಫ್ಯಾನ್ ಓಡುತ್ತಿತ್ತು. ಹಾದುಹೋಗುವ ಗಾಳಿಗೆ ನೆತ್ತಿಯ ಬಿಳಿ ಕೂದಲು ಅಲ್ಲಾಡುತ್ತಿತ್ತು. ಅದನ್ನು ನೋಡಿ, ತೂಕಡಿಸುತ್ತಿದ್ದಾರೆ ಎಂದುಕೊಂಡೆ. "ಟೀ ಆರ್ತಾ ಇದೆ ಕಣ್ರೀ," ಎಂದೆ. ಮತ್ತೊಂದು ಸಲ ಅಂದೆ.

ಸುದ್ದಿ ತಿಳಿದು ಸಂಜೆಗೆ ನರಸೀಪುರದಿಂದ ಅತ್ತಿಗೆ ಬಂದರು. ಇವರ ಅಕ್ಕ. ಇವರು ಅಂಬೆಗಾಲಿಡುವಾಗಲೇ ತಾಯಿ ತೀರಿಹೋಗಿದ್ದರು. ಇನ್ನೂ ಲಂಗ ಉಡುವ ವಯಸ್ಸಿನ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ್ದರು. ಇಸ್ಕೂಲು ಬಿಟ್ಟದ್ದೂ ತಮ್ಮನಿಗಾಗಿಯೇ. ಬಂದವರು ಅಳಲಿಲ್ಲ. ಇವರ ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಜೀವ ಎಲ್ಲೋಯ್ತು?"

ಕುರ್ಚಿ ತೋರಿಸಿದೆ.

ನಮ್ಮ ಕಡೆ ಜೀವ ಹೋದ ಜಾಗದಲ್ಲಿ ದೀಪ ಇಡುತ್ತಾರೆ. ತಿಥಿಯಾಗುವವರೆಗೂ ಅದು ಆರಬಾರದು. ಹೋದ ಜೀವ ದಾರಿ ತಿಳಿಯದೆ ಅಲ್ಲೇ ಸುಳಿದಾಡುತ್ತಿರುತ್ತದಂತೆ, ಬೆಳಕು ಇದ್ದರೆ ಹೊರಡುವ ಧೈರ್ಯ ಬರುತ್ತದಂತೆ. ಆಸ್ಪತ್ರೆಯಲ್ಲಿ ಹೋದವರಿಗೆ ನಡುಮನೆಯಲ್ಲಿ ಇಟ್ಟು ಸಮಾಧಾನ ಮಾಡಿಕೊಳ್ಳುವುದುಂಟು. ಮನೆಯಲ್ಲೇ ಹೋದವರಿಗೆ ಹಾಗಿಲ್ಲ, ಆ ಜಾಗವೇ ಆಗಬೇಕು. ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ಹಣತೆಗೆ ಹರಳೆಣ್ಣೆ ಹಾಕಿ, ಕುರ್ಚಿ ಸರಿಸಿ, ಆ ಜಾಗದಲ್ಲಿ ಅಕ್ಕಿ ಹರವಿ ದೀಪ ಇಟ್ಟರು. ನಾನು ತಡೆಯಲಿಲ್ಲ. ಡ್ರೈವರುಗಳು ಅಂದು ಬೆಳಿಗ್ಗೆಯೇ ಬ್ಯಾಟರಿಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದರು, ರೂಮು ಖಾಲಿಯಿತ್ತು, ಬಾಗಿಲು ಹಾರು ಹೊಡೆದಿತ್ತು. ತಮ್ಮ ಅಪ್ಪ ಅವ್ವನ ಒಂದು ಹಳೆಯ ಫೋಟೋವನ್ನು ಇವರು ಆ ರೂಮಿನ ಗೋಡೆಯಲ್ಲಿ ಮೇಲೆ ತೂಗುಹಾಕಿದ್ದರು, ಅದಕ್ಕೂ ಅತ್ತಿಗೆ ಕೈ ಮುಗಿದರು.

ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದ ದಿನ ಸಂಜೆ ಡ್ರೈವರುಗಳು ಗೇಟಿನ ಹತ್ತಿರ ಬಂದು ನಿಂತರು. ನಾನೇ ಹೊರಗೆ ಹೋಗಿ ಏನಪ್ಪ ಎಂದೆ.

"ಏನಿಲ್ಲ ಅಮ್ಮಾವ್ರೇ. ಸುಮ್ನೆ ಬಂದೋ," ಎಂದ ತಾಂಡವಪುರದವನು.

"ಬ್ಯಾಟರಿ ಎಲ್ಲಿ ಚಾರ್ಜ್ ಮಾಡ್ಕೊಳ್ತಾ ಇದ್ದೀರಿ?"

ಅವನು ನೆಲ ನೋಡಿದ. ಅವನ ಪಕ್ಕದವನು ಹೇಳಿದ: "ಮನೇಲೇ ಅಮ್ಮ. ಕೂಸು ಮನಗ್ಸೋ ಕ್ವಾಣೇಲಿ. ಉಣ್ಣಿಮೆ ಬತ್ತದೆ, ಜನ ಬತ್ತರೆ, ಬಂಡಿ ನಿಲ್ಸಕಾಗಕಿಲ್ಲ."

ಕೂಸು ಮಲಗುವ ಕೋಣೆ ಎಂದು ಕೇಳಿದ ಮೇಲೆ ನಾನು ಯೋಚಿಸುವುದೇನೂ ಇರಲಿಲ್ಲ. ಇವರು ಆ ರೂಮು ಕಟ್ಟಿದ್ದೇ ಅದು ನಡೆಯಬಾರದೆಂದು. ನಾಳೆಯಿಂದ ತನ್ನಿ ಎಂದು ಕಳಿಸಿ ಒಳಗೆ ಬಂದೆ. ಅತ್ತಿಗೆಗೆ ಹೇಳಬೇಕಿತ್ತು.

"ಅತ್ತಿಗೆ, ನಾಳೆಯಿಂದ ದೀಪಾನ ನಡುಮನೆಯಲ್ಲಿ ಇಡೋಣ. ಅಲ್ಲಿ ಚಾರ್ಜಿಂಗ್ ಶುರು ಆಗುತ್ತೆ. ಬೆಂಕಿ ಇರಬಾರದು."

"ದೀಪ ಬೆಂಕಿ ಅಲ್ಲ ಕಣವ್ವ. ದೀಪ."

"ಗ್ಯಾಸಿಗೆ ಅದು ಗೊತ್ತಾಗಲ್ಲ ಅತ್ತಿಗೆ."

"ಹೋದೋನ್ಗೆ ಗೊತ್ತಾಯ್ತದಾ? ಜೀವ ಬಂದು ಅಲ್ಲಿ ಉಡುಕ್ತದೆ. ಏನ್ ಮಾಡಿಯೆ? ಮನೆ ಬದ್ಲಾಯ್ಸಿದೀವಿ, ನಡುಮನೇಗ್ ಬಾ ಅಂತ ಕಾಗ್ದ ಬರ್ದಾಕಿಯಾ?"

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅತ್ತಿಗೆಯ ಮಾತೇ ಹಾಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸ್ಪೂನಿನಲ್ಲಿ ಉಪ್ಪಿಟ್ಟು ತಿನ್ನುವುದನ್ನು ನೋಡಿ, ಕೈಗೇನಾಗಿದೆ ತಾಯಿ, ಸುಟ್ಟುಕೊಂಡೆಯಾ ಎಂದು ಕೇಳಿದ್ದವರು.

"ಅವರೇ ಮಾಡಿದ ರೂಲ್ ಅದು. ನಿಮ್ಮ ತಮ್ಮನೇ ಬಿಡ್ತಿರಲಿಲ್ಲ," ಎಂದೆ.

"ನಿಮ್ ಇಂಗ್ಲೀಸ್ ಇಸ್ಕೂಲ್ನೋರು ಸತ್ತೋರ್ಗೆ ದೀಪ ಅಚ್ಚಕ್ಕಿಲ್ವಾ?"

ಹಚ್ಚುತ್ತಿದ್ದರು. ಚಾಪೆಲ್ಲಿನಲ್ಲಿ, ಒಬ್ಬ ವಯಸ್ಸಾದ ಸಿಸ್ಟರ್ ತೀರಿಕೊಂಡಾಗ, ರಾತ್ರಿಯಿಡೀ ಕ್ಯಾಂಡಲ್ ಉರಿಯಿತು. ನಾವು ಹುಡುಗಿಯರು ಸರದಿಯ ಮೇಲೆ ಕಾದಿದ್ದೆವು. ಅದನ್ನು ಅತ್ತಿಗೆಗೆ ಹೇಳಿದೆ. ಚಾಪೆಲ್ಲಿನಲ್ಲಿ ಬ್ಯಾಟರಿ ಇರಲಿಲ್ಲ ಎಂದೂ ಹೇಳಿದೆ.

"ಊಂ, ನಿನ್ ಮನೆ, ನಿನ್ ಗಂಡ," ಎಂದರು ಅತ್ತಿಗೆ. ತಾವೇ ಎದ್ದುಹೋಗಿ ಸೆರಗು ಅಡ್ಡ ಹಿಡಿದು ದೀಪವನ್ನು ನಡುಮನೆಗೆ ತಂದಿಟ್ಟರು. ಅಷ್ಟಕ್ಕೆ ಮುಗಿಯಿತು ಎಂದು ನಾನು ತಿಳಿದೆ.

ಮಾರನೆಯ ಸಂಜೆ ಡ್ರೈವರುಗಳು ಬ್ಯಾಟರಿ ತಂದು, ಇವರು ಹೇಳಿಕೊಟ್ಟ ಹಾಗೆಯೇ, ಮೊದಲು ಫ್ಯಾನ್, ಆಮೇಲೆ ಚಾರ್ಜರ್ ಹಾಕಿ ಹೋದರು. ಅಷ್ಟು ದಿನದ ಮೇಲೆ ಫ್ಯಾನಿನ ಗುಂಯ್ ಸದ್ದು ಹಿತ್ತಲಿನಿಂದ ಬಂದಾಗ ಇವರೇ ಅಲ್ಲಿ ಇದ್ದಾರೇನೋ ಅನ್ನಿಸಿ ನನಗೆ ಚೆನ್ನಾಗಿ ನಿದ್ದೆ ಬಂತು.

ಎಚ್ಚರವಾದಾಗ ಬೆಳಕು ಹರಿದಿತ್ತು. ಏನೋ ಇಲ್ಲ ಅನ್ನಿಸಿತು. ಫ್ಯಾನಿನ ಸದ್ದು ಇರಲಿಲ್ಲ. ಕರೆಂಟ್ ಹೋಗಿದೆಯೇನೋ ಎಂದರೆ ನೆತ್ತಿಯ ಮೇಲೆ ನನ್ನ ಸೀಲಿಂಗ್ ಫ್ಯಾನ್ ತಿರುಗುತ್ತಿದೆ. ನಡುಮನೆಗೆ ಬಂದೆ. ಅತ್ತಿಗೆಯ ಚಾಪೆ ಖಾಲಿ. ಅಕ್ಕಿಯ ಮೇಲೆ ಹಣತೆ ಇಟ್ಟಿದ್ದ ಗುಂಡನೆಯ ಗುರುತು ಮಾತ್ರ ಇತ್ತು.

ಜಗಲಿಗೆ ಬಂದು ನೋಡಿದರೆ ಫ್ಯಾನಿನ ಸ್ವಿಚ್ ಆರಿಸಿತ್ತು, ಚಾರ್ಜರಿನದು ಹಾಗೆಯೇ ಇತ್ತು. ರೂಮಿನ ಬಾಗಿಲು ಮುಚ್ಚಿತ್ತು. ನೂಕಿದೆ.

ಮೇಲಿನ ವೆಂಟಿಲೇಟರಿಗೂ ಫ್ಯಾನಿನ ಕಿಂಡಿಗೂ ಸೇರಿಸಿ, ಮಳೆಯ ಎರಚಲು ಬಾರದಿರಲೆಂದು ಹಗ್ಗ ಕಟ್ಟಿದ ತಗಡಿನ ಮುಚ್ಚಳವಿತ್ತು. ಹಗ್ಗ ಎಳೆದು ಅದನ್ನು ಮುಚ್ಚಿತ್ತು. ಕೆಳಗಿನ ಕಿಂಡಿಗಳಿಗೆಲ್ಲ ಬಟ್ಟೆ ತುರುಕಿತ್ತು. ಇವರ ಟವೆಲ್, ಇವರ ಪಂಚೆ, ಇವರ ಎರಡು ಬನಿಯನ್. ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ. ಆ ರೂಮು ಕಟ್ಟಿದ್ದೇ ಗಾಳಿ ನಿಲ್ಲದಿರಲಿ ಎಂದಲ್ಲವೆ. ಎಷ್ಟು ಸಲ ಆರಿತೋ, ಎಷ್ಟು ಸಲ ಕಡ್ಡಿ ಗೀರಿದರೋ. ಕೊನೆಗೆ ಗಾಳಿಯನ್ನೇ ನಿಲ್ಲಿಸಿ ಕೂತಿದ್ದರು. ದೀಪ ಅಲುಗಾಡದೆ ನೆಟ್ಟಗೆ ಉರಿಯುತ್ತಿತ್ತು. ಹುಳಿ ಘಾಟು ಗಂಟಲಿಗೆ ಕಟ್ಟಿತು. ಬ್ಯಾಟರಿಗಳು ರಾತ್ರಿಯೆಲ್ಲ ಚಾರ್ಜ್ ಆಗಿ ತುಂಬಿ ಬಂದಿದ್ದವು, ಒಳಗಿನಿಂದ ಸಣ್ಣಗೆ ಕುದಿಯುವ ಸದ್ದು ಕೇಳುತ್ತಿತ್ತು. ಗ್ಯಾಸು ಅತಿ ಹೆಚ್ಚು ಬಿಡುವ ಹೊತ್ತು ಅದೇ.

ಅತ್ತಿಗೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ. ಮಗುವಿಗೆ ಈಗಷ್ಟೇ ನಿದ್ದೆ ಹತ್ತಿದೆ ಎನ್ನುವಂತೆ ಮೆಲ್ಲಗೆ ಹೇಳಿದರು.

"ನಿಂತ್ಕತು ನೋಡು. ಈಗ ಬಂದವ್ನೆ ಅವ್ನು. ತಡಿ, ಅಪ್ಪ ಅವ್ವುಂಗೂ ಒಂಚೂರು ಬೆಳುಕ್ ತೋರುಸ್ತೀನಿ. ಅವ್ರೇ ಕರ್ಕೊಂಡೋಗ್ಲಿ."

ಹಣತೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯನ್ನು ನೆಲಕ್ಕೆ ಊರಿ ಏಳತೊಡಗಿದರು. ಫೋಟೋ ಇದ್ದದ್ದು ಗೋಡೆಯ ಮೇಲ್ತುದಿಯಲ್ಲಿ, ಸೀಲಿಂಗಿಗೆ ಒಂದು ಮೊಳ ಕೆಳಗೆ.

ಕೂಗಿದರೆ ಬೆಚ್ಚಿ ಇನ್ನೂ ಬೇಗ ಎದ್ದಾರು. ಕೈಯಿಂದ ಕಿತ್ತುಕೊಳ್ಳಲು ಹೋದರೆ ಎಣ್ಣೆ ಸಮೇತ ಸೀರೆಯ ಮೇಲೆ ಬಿದ್ದೀತು. ನೆಲದ ಹತ್ತಿರವೇ ಹಿಡಿದು ಹೊಸ್ತಿಲು ದಾಟಿಸೋಣ ಎಂದರೆ ಬಗ್ಗಿ ನಡೆಯುವ ಮಂಡಿ ನನ್ನದೂ ಅಲ್ಲ, ಅವರದೂ ಅಲ್ಲ. ಇಷ್ಟೆಲ್ಲ ಯೋಚನೆ ಆಗ ಬಂತೋ ಆಮೇಲೆ ಬಂತೋ, ಹೇಳಲಾರೆ. ಅವರ ಮುಂದೆ ಕುಸಿದು ಕೂತು, ಎರಡು ಬೆರಳಲ್ಲಿ ಬತ್ತಿಯನ್ನು ಒತ್ತಿ ಆರಿಸಿದೆ.

ಸಣ್ಣ ಹೊಗೆ ಬಂತು. ಅದು ನೆಟ್ಟಗೆ ಮೇಲಕ್ಕೆ ಹೋಯಿತು.

ಕಿಂಡಿಗಳ ಬಟ್ಟೆ ಕಿತ್ತೆ. ಬಾಗಿಲನ್ನು ಪೂರ್ತಿ ತೆರೆದೆ. ಮುಚ್ಚಳದ ಹಗ್ಗ ಬಿಟ್ಟೆ. ಅತ್ತಿಗೆಯ ರಟ್ಟೆ ಹಿಡಿದು ಜಗಲಿಗೆ ಕರೆತಂದು ಕೂರಿಸಿ, ಚಾರ್ಜರಿನ ಮೇನ್ ಆಫ್ ಮಾಡಿದೆ. ಫ್ಯಾನನ್ನು ಮಾತ್ರ ಆಗ ಮುಟ್ಟಲಿಲ್ಲ. ತುಂಬಿದ ರೂಮಿನಲ್ಲಿ ಮೊದಲು ತಾನಾಗಿ ಗಾಳಿ ಆಡಲಿ, ಯಾವ ಕಿಡಿಯೂ ಬೇಡ ಎಂದು ಇವರು ಹೇಳುತ್ತಿದ್ದರು. ಇಬ್ಬರೂ ಜಗಲಿಯಲ್ಲಿ ಕೂತೆವು. ಅತ್ತಿಗೆ ಆರಿದ ಹಣತೆಯನ್ನು ಇನ್ನೂ ಅಂಗೈಯಲ್ಲೇ ಹಿಡಿದಿದ್ದರು.

"ನನ್ ತಮ್ಮುನ್ ದೀಪವ ನೀನು ಆರುಸ್ಬುಟ್ಟೆ," ಎಂದರು. ಬೈಗುಳವಲ್ಲ. ನಡೆದದ್ದನ್ನು ಹೇಳಿದರು, ಅಷ್ಟೆ.

"ಅತ್ತಿಗೆ, ನೀವು ಅದನ್ನ ಮೇಲೆತ್ತಿದ್ರೆ ನೀವೂ ಇರ್ತಿರಲಿಲ್ಲ, ನಾನೂ ಇರ್ತಿರಲಿಲ್ಲ."

"ಎತ್ತುಕ್ಕೆ ನೀ ಬುಡ್ನಿಲ್ವಲ್ಲ. ಅದೆಂಗ್ ಗೊತ್ತು?"

ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರಲಿ. ಸಿಡಿದಿದ್ದರೆ ಊರೆಲ್ಲ ನನ್ನ ಮಾತು ನಿಜ ಎನ್ನುತ್ತಿತ್ತು. ಸಿಡಿಯಲಿಲ್ಲವಾಗಿ, ಉಳಿದದ್ದು ಒಂದೇ ಸಂಗತಿ. ಹೆಂಡತಿಯಾದವಳು, ತಿಥಿ ಮುಗಿಯುವ ಮೊದಲೇ, ಗಂಡನ ದೀಪವನ್ನು ಬೆರಳಿಂದ ಹೊಸಕಿದಳು.

ತಿಥಿಯವರೆಗೂ ಅತ್ತಿಗೆ ಇದ್ದರು, ತಮ್ಮನಿಗಾಗಿ. ನನ್ನೊಂದಿಗೆ ಮಾತು ನಿಲ್ಲಿಸಿದರು. ಏನು ಬೇಕಾದರೂ ಎದುರುಮನೆಯಾಕೆಯ ಮೂಲಕ. ನಾನು ಎದುರಿಗೇ ನಿಂತಿದ್ದರೂ, "ಆ ಯಮ್ಮುನ್ ಕೇಳು, ಎಡೆಗೆ ಏನೇನ್ ಮಾಡ್ಸವ್ಳಂತೆ," ಎನ್ನುವರು. ಎದುರುಮನೆಯಾಕೆ ಪಾಪ, ಒಮ್ಮೆ ಇತ್ತ ಒಮ್ಮೆ ಅತ್ತ ತಿರುಗಿ, "ಏನೇನ್ ಮಾಡಿಸಿದ್ದೀರಿ ಅಂತೆ ಆಂಟಿ," ಎಂದು ಅದನ್ನೇ ಹೇಳುವಳು. ಆಪರೇಟರ್ ಆಗಿ ನಾನು ಎಷ್ಟೋ ಜಗಳಗಳಿಗೆ ಲೈನ್ ಕೊಟ್ಟಿದ್ದೇನೆ. ನನ್ನದಕ್ಕೆ ಲೈನ್ ಕೊಡುವವಳು ಸಿಕ್ಕಿದ್ದು ಆಗ.

ನಮ್ಮವರನ್ನು ಕಳೆದುಕೊಂಡ ದುಃಖವನ್ನು ನಾನು ಹಂಚಿಕೊಳ್ಳಬಹುದಾಗಿದ್ದವರು ಲೋಕದಲ್ಲಿ ಅತ್ತಿಗೆ ಒಬ್ಬರೇ. ಇವರು ಇಷ್ಟಪಡುತ್ತಿದ್ದ ಮೆಂತ್ಯ ಹಿಟ್ಟಿನ ಕಥೆ, ಮಗುವಾಗಿದ್ದಾಗ ಮಣ್ಣು ತಿಂದ ಕಥೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಕಥೆ, ಇವನ್ನೆಲ್ಲ ಹೇಳಲು, ಕೇಳಲು ಇದ್ದ ಒಂದು ಜೀವ. ತಿಥಿಯ ಮಾರನೆಯ ಬೆಳಿಗ್ಗೆ ಅವರು ಬಸ್ ಹತ್ತಿ ಹೊರಟುಹೋದರು. ಲಾಸ್ ಅಪಾನ್ ಲಾಸ್. ಯಾರಿಗೆ ಹೇಳುವುದು.

ತಾಂಡವಪುರದವನಿಗೆ ಒಂದು ದಿನ ಹೇಳಿದೆ. ಕೇಳಿಸಿಕೊಂಡು, "ಏನೂ ಆಗ್ನಿಲ್ವಲ್ಲ ಬುಡಿ ಅಮ್ಮಾವ್ರೇ," ಎಂದ. ಸಮಾಧಾನಕ್ಕೆ ಹೇಳಿದ್ದು. ಅದೇ ಮಾತು ನನ್ನನ್ನು ತಿನ್ನುವುದು ಎಂದು ಅವನಿಗೇನು ಗೊತ್ತು.

ವರ್ಷದ ತಿಥಿ ಹತ್ತಿರ ಬಂದಾಗ ಕರೆಯಲು ನಾನೇ ನರಸೀಪುರಕ್ಕೆ ಹೋದೆ. ಊರಂಚಿನಲ್ಲಿ, ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಅವರ ಮನೆ. ಪಕ್ಕದ ಮನೆಯ ಹೆಂಗಸು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಅತ್ತಿಗೆಯೂ ಜೊತೆಗಿದ್ದರು. ಬಹಳ ಇಳಿದುಹೋಗಿದ್ದರು.

"ಬಂದೋರ್ಗೆ ಚಾಪೆ ಆಕವ್ವ," ಎಂದರು, ಅವರೆಕಾಯಿಗೆ ಹೇಳುವ ಹಾಗೆ.

ಕಾಫಿ ಬಂತು. ಬಂದ ವಿಷಯ ಹೇಳಿದೆ. ಅತ್ತಿಗೆ ಕಾಯಿ ಬಿಡಿಸುತ್ತಲೇ ಇದ್ದರು. ಕೊನೆಗೆ ನಾನು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಆಡಿದೆ.

"ಅತ್ತಿಗೆ, ಆ ದಿನ ಅಲ್ಲೇ ದೀಪ ಇಡ್ತೀನಿ. ಅವರ ಜಾಗದಲ್ಲೇ. ಹಿಂದಿನ ದಿನವೇ ಬ್ಯಾಟರಿ ಎಲ್ಲ ಆಚೆ ಸಾಗಿಸ್ತೀನಿ. ರೂಮು ರಾತ್ರಿಯೆಲ್ಲ ತೆರೆದಿರುತ್ತೆ, ಗ್ಯಾಸು ಒಂಚೂರೂ ಇರಲ್ಲ. ನೀವು ಬಂದು ಹಚ್ಚಿ."

ಕಾಯಿ ಬಿಡಿಸುವುದು ನಿಂತಿತು. ಒಂದು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಆ ಜೀವ ಆ ವತ್ನಲ್ಲಿ ಕತ್ಲಲ್ಲಿ ನಿಂತಿತ್ತು ಕಣವ್ವ. ಆಗ ಬೇಕಿತ್ತು. ಈಗ ಅಚ್ಚುದ್ರೆ ಯಾರ್ಗೆ? ನಿನ್ಗಾ, ನನ್ಗಾ?"

"ನಮ್ಮಿಬ್ಬರಿಗೂ," ಎಂದೆ.

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಕಾದೆ, ಬರಲಿಲ್ಲ. ಪಕ್ಕದ ಮನೆಯಾಕೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಬಿಟ್ಟು, ತನ್ನ ಫೋನ್ ನಂಬರ್ ಬರೆಸಿದಳು. "ಇಂಗೇ ಇರಕ್ಕಿಲ್ಲ ಬುಡಿ," ಎಂದಳು.

ವರ್ಷದ ದಿನ ಅತ್ತಿಗೆ ಬರಲಿಲ್ಲ. ಡ್ರೈವರುಗಳು ಹಿಂದಿನ ದಿನವೇ ಬ್ಯಾಟರಿಗಳನ್ನು ತೆಗೆದು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದರು. ಮನೆಗೆ ಒಯ್ಯಬೇಡಿ ಎಂದು ನಾನು ಹೇಳಿದ್ದೆ. ಬೆಳಿಗ್ಗೆ ನಾನೇ ಅಕ್ಕಿ ಹರವಿ, ಹರಳೆಣ್ಣೆ ಹಾಕಿ, ಆ ಜಾಗದಲ್ಲಿ ದೀಪ ಹಚ್ಚಿದೆ. ಫ್ಯಾನ್ ಹಾಕಲಿಲ್ಲ. ಕಿಂಡಿಯ ಗಾಳಿ ನೇರವಾಗಿ ಬಡಿಯದ ಹಾಗೆ ಒಂದು ಹಲಗೆ ಅಡ್ಡ ಇಟ್ಟು, ಪಕ್ಕದಲ್ಲಿ ಕೂತೆ. ಎಣ್ಣೆ ಮತ್ತೆ ಹಾಕಬಾರದು, ನಾನಾಗಿ ಆರಿಸಲೂಬಾರದು, ಅದಾಗಿ ಮುಗಿಯಲಿ ಎಂದುಕೊಂಡಿದ್ದೆ.

ಮಧ್ಯಾಹ್ನಕ್ಕೆ ಮುಗಿದೀತು ಎಂದುಕೊಂಡದ್ದು ಮುಗಿಯಲಿಲ್ಲ. ಬಿಸಿಲು ಇಳಿಯಿತು. ಡ್ರೈವರುಗಳು ಬಂದರು. ಆ ಹೊತ್ತಿಗೆ ಚಾರ್ಜಿಗೆ ಹಾಕಿದರೆ ತಾನೆ ಮಾರನೆಯ ಬೆಳಿಗ್ಗೆ ಬಂಡಿ ಓಡುವುದು. ಒಳಗೆ ಇಣುಕಿ ನೋಡಿದರು, ಜಗಲಿಯ ಕೆಳಗೆ ಇಳಿದು ನಿಂತರು. ಒಬ್ಬನು ಬೀಡಿ ತೆಗೆದ, ತಾಂಡವಪುರದವನು ಕಣ್ಣಲ್ಲೇ ಗದರಿದ್ದಕ್ಕೆ ಬೀದಿಗೆ ಹೋದ.

"ತಡವಾಗುತ್ತೆ ನಿಮಗೆ," ಎಂದೆ.

"ಆಗ್ಲಿ ಬುಡಿ ಅಮ್ಮಾವ್ರೇ. ನಾಳೀಕೆ ಒಂದ್ ಟ್ರಿಪ್ ಕಮ್ಮಿ ಓಡುಸ್ತೀವಿ."

ಬೀದಿಯ ಲೈಟು ಹೊತ್ತುವ ಹೊತ್ತಿಗೆ ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ಬತ್ತಿಯ ತುದಿಯಲ್ಲಿ ಕೆಂಪಗೆ ಒಂದು ಚುಕ್ಕಿಯಾಗಿ ಉಳಿದು ಹೋಯಿತು. ನಾನು ಎದ್ದು ಹೊರಗೆ ಬಂದೆ. ಅವರು ಒಬ್ಬೊಬ್ಬರಾಗಿ ಬ್ಯಾಟರಿ ಎತ್ತಿಕೊಂಡು ಒಳಗೆ ಹೋದರು.

ಅಂದು ಅಡಿಗೆಮನೆಯಲ್ಲಿ ನಿಂತು ನರಸೀಪುರಕ್ಕೆ ಫೋನ್ ಮಾಡಿದೆ. ಪಕ್ಕದ ಮನೆಯಾಕೆ ಎತ್ತಿದಳು. ಅತ್ತಿಗೆಗೆ ಕೊಡುತ್ತೀಯಾ ಎಂದೆ. ಚಪ್ಪಲಿಯ ಸದ್ದು, ಬಾಗಿಲ ಸದ್ದು, ನಂಜನಗೂಡಿಂದ ಎಂದು ಅವಳು ಹೇಳಿದ್ದು ಎಲ್ಲ ಕೇಳಿಸಿತು. ಆಮೇಲೆ ಅವಳೇ ಮತ್ತೆ ಬಂದಳು.

"ಬರಕ್ಕಿಲ್ಲ ಅಂತಾರೆ ಅಮ್ಮ. ಮನಿಕ್ಕಂಡವ್ರೆ."

ಸರಿಯಮ್ಮ ಎಂದು ಇಡುವುದರಲ್ಲಿದ್ದೆ. ಹಿಂದಿನಿಂದ, ದೂರದಿಂದ, ಅತ್ತಿಗೆಯ ದನಿ ಬಂತು.

"ಆ ಯಮ್ಮುನ್ ಕೇಳು. ಎಣ್ಣೆ ಎಷ್ಟೊತ್ಗಂಟ ಬಂತಂತೆ?"

"ಎಣ್ಣೆ ಎಷ್ಟೊತ್ಗಂಟ ಬಂತು ಅಂತ ಕೇಳ್ತಾವ್ರೆ," ಎಂದಳು ಅವಳು.

"ಸಂಜೆವರೆಗೂ ಬಂತು ಅಂತ ಹೇಳು. ತಾನಾಗೇ ಆರಿತು."

ಅವಳು ಹೇಳಿದಳು. ಅವಳು ಫೋನನ್ನು ಕಿವಿಯಿಂದ ತೆಗೆದು ಹಿಡಿದಿದ್ದಳೆಂದು ಕಾಣುತ್ತದೆ, ಕೋಣೆಯ ಸದ್ದು ಕೇಳಿಸುತ್ತಲೇ ಇತ್ತು. ಮುದುಕಿಯೊಬ್ಬಳು ಮಗ್ಗುಲು ಬದಲಾಯಿಸಿದ ಸದ್ದು. ಆಮೇಲೆ ಅಳು. ನಮ್ಮವರು ಹೋದ ದಿನ ಅಳದೆ ಇದ್ದ ಅತ್ತಿಗೆ ಈಗ ಅಳುತ್ತಿದ್ದರು. ನಾನು ಫೋನ್ ಇಡಲಿಲ್ಲ. ಅವರಾಗಿ ಕಟ್ ಮಾಡುವವರೆಗೆ ಕೇಳಿಸಿಕೊಂಡು ನಿಂತಿದ್ದೆ.